ಟ್ರಿಪನೊಸೋಮಗಳು: ಕರಾವಳಿಯ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವ ನನಗೆ ಈ ಪ್ರಶ್ನೆಗಳು ಎರಡು ಕಡೆಯಿಂದ ಬರುತ್ತವೆ: ಪದವಿ ತರಗತಿಯ ವಿದ್ಯಾರ್ಥಿಗಳಿಂದ, ಮತ್ತು ಹಟ್ಟಿಯಲ್ಲಿ ನಾಲ್ಕಾರು ದನ, ಎಮ್ಮೆ ಸಾಕಿ ಡೇರಿಗೆ ಹಾಲು ಹಾಕುವ ನೆಂಟರಿಷ್ಟರಿಂದ. ಮೊದಲಿನವರು ಪರೀಕ್ಷೆಗೆಂದು ಕೇಳುತ್ತಾರೆ, ಎರಡನೆಯವರು ಜ್ವರ ಬಂದ ಎಮ್ಮೆಯ ಪಕ್ಕದಲ್ಲಿ ನಿಂತು ಕೇಳುತ್ತಾರೆ. ಇಬ್ಬರಿಗೂ ಕೊಡಬೇಕಾದ ಉತ್ತರ ಬಹುಮಟ್ಟಿಗೆ ಒಂದೇ ಆದ್ದರಿಂದ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಒಂದು ಪ್ರಾಣಿಯಿಂದ ಇನ್ನೊಂದು ಪ್ರಾಣಿಗೆ ಯಾವ ದಾರಿಯಲ್ಲಿ ದಾಟುತ್ತದೆ ಎಂಬುದನ್ನು ಹಿಡಿದುಕೊಂಡರೆ ಟ್ರಿಪನೊಸೋಮದ ದೇಹರಚನೆಯಿಂದ ಹಿಡಿದು ಅದು ತರುವ ರೋಗದವರೆಗೆ ಹೆಚ್ಚಿನ ಸಂಗತಿಗಳು ತಾವಾಗಿ ಬಿಡಿಸಿಕೊಳ್ಳುತ್ತವೆ ಎಂಬುದು ನನ್ನ ಅನುಭವ.

ಟ್ರಿಪನೊಸೋಮ ಎಂದರೆ ಯಾವ ಬಗೆಯ ಜೀವಿ? ಹುಳವೇ, ಬ್ಯಾಕ್ಟೀರಿಯವೇ?

ಎರಡೂ ಅಲ್ಲ. ಅದು ಒಂದೇ ಜೀವಕೋಶದ ಪರೋಪಜೀವಿ. ಆದರೆ ಆ ಕೋಶದಲ್ಲಿ ನಮ್ಮ ಜೀವಕೋಶಗಳಲ್ಲಿರುವಂತೆಯೇ ನ್ಯೂಕ್ಲಿಯಸ್ ಇದೆ, ಮೈಟೊಕಾಂಡ್ರಿಯ ಇದೆ. ದನ, ಎಮ್ಮೆಗಳ ರಕ್ತದಲ್ಲಿ ಕಾಣುವ ಜಾತಿ ಸುಮಾರು 25 ಮೈಕ್ರೋಮೀಟರ್ ಉದ್ದವಿರುತ್ತದೆ, ಅಂದರೆ ನಲವತ್ತನ್ನು ಒಂದರ ಹಿಂದೆ ಒಂದರಂತೆ ಜೋಡಿಸಿದರೆ ಒಂದು ಮಿಲಿಮೀಟರ್ ಆಗುತ್ತದೆ. ಮೈ ಎರಡೂ ತುದಿಯಲ್ಲಿ ಚೂಪು. ಹಿಂಭಾಗದ ಒಂದು ಸಣ್ಣ ಚೀಲದಿಂದ ಹೊರಡುವ ಕಶಾಂಗ, ಅಂದರೆ ಚಾಟಿಯಂತಹ ಎಳೆ, ಮೈಯುದ್ದಕ್ಕೂ ಅಂಟಿಕೊಂಡು ಸಾಗಿ ಮುಂದಿನ ತುದಿಯಲ್ಲಿ ಹೊರಚಾಚುತ್ತದೆ. ಈ ಎಳೆ ಅಲುಗಿದಾಗ ಅದಕ್ಕೆ ಹೊಂದಿದ ಪೊರೆ ಗಾಳಿಗೆ ಸಿಕ್ಕ ಸೀರೆಯ ಅಂಚಿನಂತೆ ಅಲೆಅಲೆಯಾಗಿ ಓಡುತ್ತದೆ. ಹೆಸರು ಬಂದದ್ದೂ ಈ ಚಲನೆಯಿಂದಲೇ: ಗ್ರೀಕ್ ಭಾಷೆಯಲ್ಲಿ ‘ಟ್ರಿಪನಾನ್’ ಎಂದರೆ ಮರ ಕೊರೆಯುವ ಬೈರಿಗೆ, ‘ಸೋಮ’ ಎಂದರೆ ದೇಹ. 1843ರಲ್ಲಿ ಪ್ಯಾರಿಸ್‌ನಲ್ಲಿ ಕಪ್ಪೆಯ ರಕ್ತದಲ್ಲಿ ಇದನ್ನು ಕಂಡ ಗ್ರೂಬಿ ಎಂಬ ವೈದ್ಯ ಈ ಹೆಸರನ್ನಿಟ್ಟ.

ಪಿಯುಸಿಯಲ್ಲಿ ಓದಿದ ಯೂಗ್ಲೀನಾ ಇದರ ದೂರದ ನೆಂಟ. ಇನ್ನೂ ಹತ್ತಿರದ ನೆಂಟನಾದ ಬೋಡೋ ಎಂಬ ಜೀವಿ ಯಾರ ಹಂಗೂ ಇಲ್ಲದೆ ಕೆರೆ, ಹೊಂಡಗಳ ನೀರಿನಲ್ಲಿ ಬ್ಯಾಕ್ಟೀರಿಯಗಳನ್ನು ತಿಂದುಕೊಂಡು ಬದುಕುತ್ತದೆ. ಪರೋಪಜೀವನ ಈ ವಂಶಕ್ಕೆ ಆಮೇಲೆ ಬಂದ ಕಸುಬು ಎಂದು ಇದರಿಂದ ಊಹಿಸಬಹುದು.

ಮಲೇರಿಯಕ್ಕೂ ಇದಕ್ಕೂ ಏನು ವ್ಯತ್ಯಾಸ?

ಮಂಗಳೂರಿನವರಿಗೆ ಮಲೇರಿಯವನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಜ್ವರ ಬಂದರೆ ಬೆರಳು ಚುಚ್ಚಿಸಿಕೊಂಡು ರಕ್ತಲೇಪನ ಮಾಡಿಸುವುದು ಇಲ್ಲಿಯ ವಾಡಿಕೆ. ಎರಡೂ ರಕ್ತದಲ್ಲಿ ಕಾಣುವ, ಕೀಟದ ಮೂಲಕ ದಾಟುವ ಏಕಕೋಶ ಜೀವಿಗಳು ಎಂಬುದು ನಿಜವಾದರೂ ಬದುಕುವ ಬಗೆ ತೀರಾ ಬೇರೆ. ಮಲೇರಿಯದ ಜೀವಿ ಕೆಂಪು ರಕ್ತಕಣದೊಳಗೆ ಅಡಗಿ ಕೂರುತ್ತದೆ. ನಮ್ಮ ಜಾನುವಾರುಗಳಿಗೆ ಬರುವ ಟ್ರಿಪನೊಸೋಮ ರಕ್ತಕಣಗಳ ನಡುವೆ, ಪ್ಲಾಸ್ಮಾದಲ್ಲಿ, ರೋಗನಿರೋಧಕ ವ್ಯವಸ್ಥೆಯ ಕಣ್ಣೆದುರಿಗೇ ಈಜಾಡಿಕೊಂಡಿರುತ್ತದೆ. ಅಡಗಲು ಮನೆಯಿಲ್ಲದ ಈ ಜೀವಿ ತಿಂಗಳುಗಟ್ಟಲೆ ಉಳಿಯುವುದು ಹೇಗೆ ಎಂಬುದಕ್ಕೆ ಮುಂದೆ ಉತ್ತರವಿದೆ. (ದಕ್ಷಿಣ ಅಮೆರಿಕದ ಟ್ರಿಪನೊಸೋಮ ಕ್ರೂಜಿ ಮಾತ್ರ ಅಪವಾದ. ಅದು ಹೃದಯದ ಸ್ನಾಯುಕೋಶಗಳ ಒಳಹೊಕ್ಕು ಅಲ್ಲಿಯೇ ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ.)

ಇದು ಆಫ್ರಿಕದ ರೋಗವಲ್ಲವೇ? ನಮ್ಮಲ್ಲಿಯೂ ಇದೆಯೇ?

ಪಠ್ಯಪುಸ್ತಕಗಳು ಟ್ರಿಪನೊಸೋಮದಿಂದ ಮನುಷ್ಯರಿಗೆ ಬರುವ ಆಫ್ರಿಕದ ನಿದ್ರಾರೋಗದಿಂದಲೇ ಪಾಠ ಆರಂಭಿಸುವುದರಿಂದ ಹುಟ್ಟಿದ ತಪ್ಪು ತಿಳಿವಳಿಕೆ ಇದು. ಸಸ್ತನಿಗಳಲ್ಲಿ ರೋಗ ತರುವ ಟ್ರಿಪನೊಸೋಮ ಮೊತ್ತಮೊದಲು ಪತ್ತೆಯಾದದ್ದು ಅವಿಭಜಿತ ಭಾರತದಲ್ಲಿ. 1880ರಲ್ಲಿ, ಇಂದು ಪಾಕಿಸ್ತಾನದಲ್ಲಿರುವ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ, ಸೇನೆಯ ಪಶುವೈದ್ಯ ಗ್ರಿಫಿತ್ ಇವನ್ಸ್ ‘ಸರ್ರಾ’ ರೋಗದಿಂದ ಸಾಯುತ್ತಿದ್ದ ಕುದುರೆ, ಒಂಟೆಗಳ ರಕ್ತದಲ್ಲಿ ಅದನ್ನು ಕಂಡ. ಅದಕ್ಕೂ ಒಂದೆರಡು ವರ್ಷ ಮೊದಲು ಟಿಮೊತಿ ಲೂಯಿಸ್ ಭಾರತದ ಇಲಿಗಳ ರಕ್ತದಲ್ಲಿ ಇಂಥದೇ ಜೀವಿಯನ್ನು ನೋಡಿದ್ದ; ಇಲಿಗಳು ಮಾತ್ರ ಆರೋಗ್ಯವಾಗಿಯೇ ಓಡಾಡಿಕೊಂಡಿದ್ದವು. ಇಲಿಗೆ ಏನೂ ಮಾಡದ್ದು ಕುದುರೆಯನ್ನು ಕೊಲ್ಲುವುದುಂಟೇ ಎಂಬ ಅನುಮಾನದಿಂದ ಇವನ್ಸ್‌ನ ಮಾತನ್ನು ಅಂದಿನ ತಜ್ಞರು ಸುಲಭಕ್ಕೆ ಒಪ್ಪಲಿಲ್ಲ. ಇಂದು ಎರಡಕ್ಕೂ ಅವರವರ ಹೆಸರೇ ಇದೆ: ಟ್ರಿಪನೊಸೋಮ ಇವಾನ್ಸಿ, ಟ್ರಿಪನೊಸೋಮ ಲೂಯಿಸಿ.

ಸರ್ರಾ ಇಂದಿಗೂ ಭಾರತದಲ್ಲಿದೆ. ದನ, ಎಮ್ಮೆ, ಕುದುರೆ, ಒಂಟೆ, ನಾಯಿ, ಆನೆ ಇವೆಲ್ಲಕ್ಕೂ ತಗಲುತ್ತದೆ. ಹುಲಿಯನ್ನೂ ಬಿಡುವುದಿಲ್ಲ; 2000ದ ಜುಲೈ ತಿಂಗಳಿನಲ್ಲಿ ಒಡಿಶಾದ ನಂದನಕಾನನ ಮೃಗಾಲಯದಲ್ಲಿ ಕೆಲವೇ ದಿನಗಳ ಅಂತರದಲ್ಲಿ ಹತ್ತಕ್ಕೂ ಹೆಚ್ಚು ಹುಲಿಗಳು ಟ್ರಿಪನೊಸೋಮ ಸೋಂಕಿನಿಂದ ಸತ್ತದ್ದು ಅಂದು ದೇಶದಾದ್ಯಂತ ಸುದ್ದಿಯಾಗಿತ್ತು.

ಒಂದು ಹಟ್ಟಿಯಲ್ಲಿ ಒಂದು ಎಮ್ಮೆಗೆ ಬಂದರೆ ಪಕ್ಕದ್ದಕ್ಕೆ ಹೇಗೆ ದಾಟುತ್ತದೆ?

ನೊಣದಿಂದ ದಾಟುತ್ತದೆ, ಆದರೆ ಮನೆಯೊಳಗೆ ಅನ್ನದ ಮೇಲೆ ಕೂರುವ ನೊಣ ಇದಲ್ಲ. ಮಳೆ ಬಿಟ್ಟು ಬಿಸಿಲು ಕಾಣುವ ದಿನಗಳಲ್ಲಿ ಗದ್ದೆಯ ಬದುವಿನಲ್ಲಿ ಮೇಯುವ ದನದ ಹೊಟ್ಟೆ, ಕಾಲುಗಳಿಗೆ ಬಂದೆರಗುವ, ಹೊಳೆಯುವ ದೊಡ್ಡ ಕಣ್ಣುಗಳ, ಬೆರಳಿನ ಅರ್ಧ ಗೆಣ್ಣಿನಷ್ಟು ದಪ್ಪದ ನೊಣವನ್ನು ನೋಡಿದವರಿಗೆ ನಾನು ಹೇಳುವುದು ತಿಳಿಯುತ್ತದೆ. ಕೆಲವರು ಇದನ್ನು ಕುರುಡುನೊಣ ಎನ್ನುತ್ತಾರೆ. ಹೆಣ್ಣುನೊಣ ಮಾತ್ರ ರಕ್ತ ಕುಡಿಯುತ್ತದೆ. ಸೊಳ್ಳೆ ಸೂಜಿಯಂತೆ ನಯವಾಗಿ ಚುಚ್ಚಿದರೆ, ಇದು ಚರ್ಮವನ್ನು ಕತ್ತರಿಸಿ, ಒಸರಿದ ರಕ್ತವನ್ನು ನೆಕ್ಕಿ ಹೀರುತ್ತದೆ. ನೊಣ ಎದ್ದು ಹೋದ ಮೇಲೂ ಆ ಜಾಗದಿಂದ ಒಂದು ಹನಿ ರಕ್ತ ಇಳಿಯುತ್ತಿರುವುದನ್ನು ಬರಿಗಣ್ಣಿನಲ್ಲಿಯೇ ಕಾಣಬಹುದು.

ರೋಗ ದಾಟುವುದರ ಗುಟ್ಟು ಈ ನೋವಿನಲ್ಲಿಯೇ ಇದೆ. ನೋವಾದ ಕೂಡಲೇ ಎಮ್ಮೆ ಬಾಲ ಬೀಸುತ್ತದೆ, ಚರ್ಮ ನಡುಗಿಸುತ್ತದೆ, ಕಾಲು ಒದರುತ್ತದೆ. ಊಟ ಅರ್ಧಕ್ಕೆ ನಿಂತ ನೊಣ ಹಾರಿ, ಹೊಟ್ಟೆ ತುಂಬಿಸಿಕೊಳ್ಳಲು ಹತ್ತಿರದ ಇನ್ನೊಂದು ಪ್ರಾಣಿಯ ಮೇಲೆ ಕೂರುತ್ತದೆ. ಬಾಯಿಯ ಭಾಗಗಳಲ್ಲಿ ಉಳಿದ ರಕ್ತದ ತೇವದಲ್ಲಿ ಪರೋಪಜೀವಿ ಇದ್ದರೆ ಅದು ಹೊಸ ಗಾಯಕ್ಕೆ ಸೇರುತ್ತದೆ. ನೊಣದ ದೇಹದಲ್ಲಿ ಅದು ಬೆಳೆಯುವುದೂ ಇಲ್ಲ, ಹೆಚ್ಚುವುದೂ ಇಲ್ಲ. ಒಣಗುವ ಮೊದಲು, ಅಂದರೆ ಕೆಲವು ನಿಮಿಷಗಳೊಳಗೆ, ದಾಟಿದರೆ ಉಂಟು, ಇಲ್ಲವಾದರೆ ಇಲ್ಲ. ಆದ್ದರಿಂದಲೇ ರೋಗದ ಪ್ರಾಣಿಯನ್ನು ಉಳಿದವುಗಳಿಂದ ದೂರ ಕಟ್ಟುವುದು ನಮ್ಮ ಕೈಯಲ್ಲಿರುವ ಬಹಳ ಒಳ್ಳೆಯ ಉಪಾಯ. ನಡುವಿನ ಜಾಗ ಹೆಚ್ಚಾದಷ್ಟೂ ನೊಣ ಮತ್ತೆ ಅದೇ ಪ್ರಾಣಿಗೆ ಮರಳುವ ಸಂಭವ ಹೆಚ್ಚು. ಸಂಜೆ ಹಟ್ಟಿಗೆ ಹೊಗೆ ಹಾಕುವ ಹಳೆಯ ರೂಢಿಯೂ ನೊಣಗಳನ್ನು ಕೂರಗೊಡದ ಮಟ್ಟಿಗೆ ಸರಿಯೇ, ಆದರೆ ಕುರುಡುನೊಣ ಹಗಲಿನ ಜೀವಿ ಎಂಬುದನ್ನು ಮರೆಯಬಾರದು.

ಹಟ್ಟಿಯ ಇನ್ನೊಂದು ಕಚ್ಚುವ ನೊಣ ನೋಡಲು ಮನೆನೊಣದಂತೆಯೇ ಇದ್ದು, ಮುಂದಕ್ಕೆ ಚಾಚಿದ ಮುಳ್ಳಿನಂತಹ ಬಾಯಿಯನ್ನು ಹೊಂದಿರುತ್ತದೆ. ಸೆಗಣಿಯೊಂದಿಗೆ ಬೆರೆತ ಕೊಳೆತ ಹುಲ್ಲು, ಸೊಪ್ಪಿನಲ್ಲಿ ಅದರ ಮರಿಹುಳಗಳು ಬೆಳೆಯುತ್ತವೆ. ಸೊಪ್ಪು ಹಾಸಿ ಗೊಬ್ಬರ ಮಾಡುವ ನಮ್ಮ ಹಟ್ಟಿಗಳಲ್ಲಿ ಹಾಸನ್ನು ಬೇಗ ಬೇಗ ತೆಗೆದು ಗುಂಡಿಗೆ ಹಾಕಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ನೊಣವಿಲ್ಲದೆಯೂ ಸರ್ರಾ ದಾಟುತ್ತದೆ. ಸೋಂಕಿದ ಪ್ರಾಣಿಯ ಹಸಿ ಮಾಂಸ ತಿಂದ ನಾಯಿಗೆ ಬಾಯಿಯ ಗಾಯಗಳ ಮೂಲಕ ತಗಲಬಹುದು. ದಕ್ಷಿಣ ಅಮೆರಿಕದಲ್ಲಿ ರಕ್ತ ಕುಡಿಯುವ ಬಾವಲಿಗಳು ಈ ಕೆಲಸ ಮಾಡುತ್ತವೆ. ಒಂದೇ ಸೂಜಿಯಿಂದ ಹಟ್ಟಿಯ ಎಲ್ಲ ದನಗಳಿಗೆ ಚುಚ್ಚುವ ಮನುಷ್ಯನನ್ನೂ ಈ ಪಟ್ಟಿಗೆ ಸೇರಿಸಲೇಬೇಕು.

ರೋಗದ ಲಕ್ಷಣಗಳು ಏನು? ಪರೀಕ್ಷೆ ಮಾಡಿಸಿದರೆ ಖಚಿತವಾಗಿ ಗೊತ್ತಾಗುತ್ತದೆಯೇ?

ಬಂದು ಬಿಟ್ಟು ಬರುವ ಜ್ವರ, ಕಣ್ಣಿನಲ್ಲಿ ನೀರು, ರಕ್ತಹೀನತೆ, ಮೈ ಇಳಿಯುವುದು, ಹಾಲು ಕಡಿಮೆಯಾಗುವುದು, ಗಬ್ಬ ಹೋಗುವುದು ಸಾಮಾನ್ಯ. ತೀವ್ರವಾದಾಗ ಪ್ರಾಣಿ ಸುತ್ತು ಸುತ್ತು ತಿರುಗುತ್ತದೆ, ಗೋಡೆಗೆ ತಲೆಯೊತ್ತಿ ನಿಲ್ಲುತ್ತದೆ. ನಾಯಿಗಳಲ್ಲಿ ಕಣ್ಣಿನ ಪಾಪೆಯ ಮೇಲೆ ಬೂದಿ ಬಣ್ಣದ ಪೊರೆ ಕವಿಯುವುದುಂಟು. ಇವುಗಳಲ್ಲಿ ಯಾವುದೂ ಸರ್ರಾಕ್ಕೆ ಮಾತ್ರ ಸೇರಿದ್ದಲ್ಲ. ಉಣುಗಿನಿಂದ ಬರುವ ರೋಗಗಳಲ್ಲಿಯೂ ಜ್ವರ, ರಕ್ತಹೀನತೆ ಇರುತ್ತದೆ.

ಪರೀಕ್ಷೆಯ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳಬೇಕು: ರಕ್ತದಲ್ಲಿ ಕಾಣಲಿಲ್ಲ ಎಂದರೆ ಇಲ್ಲ ಎಂದು ಅರ್ಥವಲ್ಲ. ಪರೋಪಜೀವಿಗಳ ಸಂಖ್ಯೆ ಅಲೆಗಳಂತೆ ಏರಿ ಇಳಿಯುತ್ತದೆ. ಜ್ವರ ಏರಿದ ದಿನ ಹನಿಯಲ್ಲಿ ತುಂಬಿರುವುದು, ನಾಲ್ಕು ದಿನ ಬಿಟ್ಟು ನೋಡಿದರೆ ಒಂದೂ ಸಿಗದೆ ಹೋಗಬಹುದು. ನೆಂಟರೊಬ್ಬರ ಎಮ್ಮೆಯ ರಕ್ತಲೇಪನವನ್ನು ಒಂದು ಕಡೆ ಒಂದೇ ಸಲ ನೋಡಿ ‘ಏನೂ ಇಲ್ಲ’ ಎಂದು ಕಳುಹಿಸಿದ್ದರು. ಎರಡನೆಯ ಸಲ ಜ್ವರ ಏರಿದ ಬೆಳಿಗ್ಗೆ ಕಿವಿಯಂಚಿನಿಂದ ತೆಗೆದ ಹನಿಯಲ್ಲಿ ಅದು ಸಿಕ್ಕಿತು. ಹಳೆಯ ಸೋಂಕಿಗೆ ಪ್ರತಿಕಾಯ ಪರೀಕ್ಷೆ, ಪಿಸಿಆರ್ ಹೆಚ್ಚು ನಂಬಲರ್ಹ.

ಔಷಧಿ ಇದೆಯೇ? ಆ ದನದ ಹಾಲು ಕುಡಿಯಬಹುದೇ?

ಇದೆ. ಡೈಮಿನಜಿನ್, ಕ್ವಿನಾಪಿರಮಿನ್, ಐಸೊಮೆಟಮಿಡಿಯಂ ಎಂಬ ಚುಚ್ಚುಮದ್ದುಗಳನ್ನು ಪಶುವೈದ್ಯರು ತೂಕ ನೋಡಿ ಕೊಡುತ್ತಾರೆ. ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಸಾಯದೆ ಉಳಿದವು ಔಷಧಿಗೆ ಬಗ್ಗದ ಸಂತತಿಯನ್ನು ಬೆಳೆಸುತ್ತವೆ, ಆದ್ದರಿಂದ ಅಂದಾಜಿನ ಮೇಲೆ ಚುಚ್ಚುವುದು ಬೇಡ. ಕುದಿಸಿದ ಹಾಲಿನಲ್ಲಿ ಟ್ರಿಪನೊಸೋಮ ಬದುಕುವುದಿಲ್ಲ. ಆದರೆ ಔಷಧಿಯ ಅಂಶ ಹಾಲಿಗೆ ಬರುತ್ತದೆ. ಎಷ್ಟು ದಿನ ಡೇರಿಗೆ ಹಾಕಬಾರದು ಎಂದು ಚುಚ್ಚಿದ ವೈದ್ಯರನ್ನೇ ಕೇಳಿ ತಿಳಿಯಬೇಕು.

ದನದಿಂದ ಮನುಷ್ಯರಿಗೆ ಬರುತ್ತದೆಯೇ?

ಸಾಮಾನ್ಯವಾಗಿ ಬರುವುದಿಲ್ಲ, ಮತ್ತು ಅದಕ್ಕೆ ಸ್ಪಷ್ಟ ಕಾರಣವಿದೆ. ಮನುಷ್ಯರ ರಕ್ತದಲ್ಲಿ ಅಪೊ-ಎಲ್1 ಎಂಬ ಪ್ರೋಟೀನ್ ಒಳ್ಳೆಯ ಕೊಲೆಸ್ಟರಾಲ್ ಎಂದು ವೈದ್ಯರು ಹೇಳುವ ಎಚ್‌ಡಿಎಲ್ ಕಣಗಳಿಗೆ ಅಂಟಿಕೊಂಡು ಓಡಾಡುತ್ತದೆ. ಕೊಬ್ಬಿನ ಆಹಾರವೆಂದು ಪರೋಪಜೀವಿ ಆ ಕಣವನ್ನು ನುಂಗಿದಾಗ ಪ್ರೋಟೀನ್ ಅದರ ಒಳಪೊರೆಯಲ್ಲಿ ರಂಧ್ರ ಮಾಡುತ್ತದೆ. ಜೀವಿ ಉಬ್ಬಿ ಒಡೆಯುತ್ತದೆ. ದನ, ಎಮ್ಮೆ, ಕುದುರೆಗಳಿಗೆ ಈ ರಕ್ಷಣೆ ಇಲ್ಲ.

ಈ ಪ್ರೋಟೀನಿನ ಮಹತ್ವವನ್ನು ಜಗತ್ತಿಗೆ ತೋರಿಸಿಕೊಟ್ಟ ಪ್ರಕರಣ ನಮ್ಮ ನೆರೆಯ ರಾಜ್ಯದ್ದು. 2004ರಲ್ಲಿ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ರೈತರೊಬ್ಬರಿಗೆ ಬಿಟ್ಟು ಬಿಟ್ಟು ಜ್ವರ ಬರುತ್ತಿತ್ತು, ರಕ್ತದಲ್ಲಿ ಕಂಡದ್ದು ಸರ್ರಾದ ಟ್ರಿಪನೊಸೋಮ. ಆಫ್ರಿಕದ ನಿದ್ರಾರೋಗಕ್ಕೆ ಬಳಸುವ ಸುರಾಮಿನ್ ಕೊಟ್ಟು ಅವರನ್ನು ಗುಣಪಡಿಸಲಾಯಿತು. ಆಮೇಲೆ ನೋಡಿದರೆ, ತಂದೆಯಿಂದ ಬಂದ ಪ್ರತಿ, ತಾಯಿಯಿಂದ ಬಂದ ಪ್ರತಿ, ಎರಡರಲ್ಲಿಯೂ ಆ ಜೀನ್ ಕೆಟ್ಟಿದ್ದು, ಅವರ ರಕ್ತದಲ್ಲಿ ಅಪೊ-ಎಲ್1 ಇರಲೇ ಇಲ್ಲ. ಅದೇ ಊರಿನ ಇತರರನ್ನು ಪರೀಕ್ಷಿಸಿದಾಗ ಯಾರ ರಕ್ತದಲ್ಲಿಯೂ ಪರೋಪಜೀವಿ ಸಿಗಲಿಲ್ಲ. ಹಾಗೆಂದು ಈ ಗೋಡೆಗೆ ಬಿರುಕೇ ಇಲ್ಲ ಎನ್ನುವಂತಿಲ್ಲ: ವಿಯೆಟ್ನಾಮಿನಲ್ಲಿ ಈ ಪ್ರೋಟೀನ್ ಸರಿಯಾಗಿಯೇ ಇದ್ದ ಮಹಿಳೆಯೊಬ್ಬರಿಗೂ ಸರ್ರಾ ಸೋಂಕು ಬಂದಿರುವುದು ವರದಿಯಾಗಿದೆ. ಗಾಯವಿರುವ ಕೈಯಿಂದ ರೋಗದ ಪ್ರಾಣಿಯ ಹಸಿ ರಕ್ತ, ಮಾಂಸ ಮುಟ್ಟದಿರುವುದು ಮೇಲು.

ಆಫ್ರಿಕದಲ್ಲಿ ಇದೇ ಪ್ರೋಟೀನಿನ ಸುತ್ತ ಒಂದು ಹಗ್ಗಜಗ್ಗಾಟ ನಡೆದಿದೆ. ನಿದ್ರಾರೋಗ ತರುವ ಟ್ರಿಪನೊಸೋಮ ಬ್ರೂಸಿಯ ರೊಡೇಸಿಯೆನ್ಸ್ ಎಂಬ ಉಪಜಾತಿ ಅಪೊ-ಎಲ್1 ಅನ್ನು ಕಟ್ಟಿಹಾಕುವ ತನ್ನದೇ ಪ್ರೋಟೀನನ್ನು ಬೆಳೆಸಿಕೊಂಡಿತು. ಪಶ್ಚಿಮ ಆಫ್ರಿಕದ ಜನರಲ್ಲಿ ಆ ಕಟ್ಟಿಗೆ ಸಿಗದ ಬದಲಾದ ಅಪೊ-ಎಲ್1 ಹರಡಿತು. ಅದರ ಬೆಲೆ ತೆರುತ್ತಿರುವವರು ಅವರ ವಂಶಜರು: ಅಂಥ ಜೀನ್ ಎರಡೂ ಕಡೆಯಿಂದ ಬಂದವರಿಗೆ ಮೂತ್ರಪಿಂಡದ ರೋಗ ಬರುವ ಸಾಧ್ಯತೆ ಹೆಚ್ಚು ಎಂದು 2010ರಲ್ಲಿ ತಿಳಿಯಿತು.

ರೋಗನಿರೋಧಕ ಶಕ್ತಿಯಿಂದ ಅದು ತಪ್ಪಿಸಿಕೊಳ್ಳುವುದು ಹೇಗೆ?

ಯಕ್ಷಗಾನದ ಚೌಕಿಯನ್ನು ನೆನೆಸಿಕೊಳ್ಳಿ. ಟ್ರಿಪನೊಸೋಮದ ಮೈಮೇಲೆ ಒಂದೇ ಬಗೆಯ ಪ್ರೋಟೀನಿನ ಸುಮಾರು ಒಂದು ಕೋಟಿ ಪ್ರತಿಗಳು ಒತ್ತೊತ್ತಾಗಿ ನಿಂತು ಕವಚವಾಗಿರುತ್ತವೆ. ನಮ್ಮ ದೇಹ, ಅಥವಾ ದನದ ದೇಹ, ಆ ಕವಚವನ್ನು ಗುರುತಿಸಿ ಪ್ರತಿಕಾಯ ತಯಾರಿಸುವಷ್ಟರಲ್ಲಿ ಕೆಲವು ಜೀವಿಗಳು ಬೇರೊಂದು ವೇಷ ಕಟ್ಟಿಕೊಂಡಿರುತ್ತವೆ. ಹಳೆಯ ವೇಷದವು ಸಾಯುತ್ತವೆ, ಜ್ವರ ಇಳಿಯುತ್ತದೆ; ಹೊಸ ವೇಷದವು ಹೆಚ್ಚುತ್ತವೆ, ಜ್ವರ ಏರುತ್ತದೆ. ಸರ್ರಾದ ಬಂದುಹೋಗುವ ಜ್ವರ, ಒಮ್ಮೆ ತುಂಬಿ ಒಮ್ಮೆ ಖಾಲಿಯಾಗಿ ಕಾಣುವ ರಕ್ತಲೇಪನ, ಎರಡಕ್ಕೂ ಇದೇ ಕಾರಣ. ಆಫ್ರಿಕದ ಟ್ರಿಪನೊಸೋಮ ಬ್ರೂಸಿಯ ಜೀನುಗಳಲ್ಲಿ ಇಂಥ ವೇಷಗಳು ಸಾವಿರಕ್ಕೂ ಮಿಕ್ಕಿವೆ. ಒಂದು ಹೊತ್ತಿಗೆ ರಂಗಸ್ಥಳಕ್ಕೆ ಬರುವುದು ಒಂದೇ. ಹೆಚ್ಚಿನವು ಹರಿದ, ಅಪೂರ್ಣ ವೇಷಗಳು. ಅವುಗಳ ತುಂಡುಗಳನ್ನು ಜೋಡಿಸಿ ಹಿಂದೆಂದೂ ಇರದ ಹೊಸ ವೇಷವನ್ನೂ ಅದು ಹೊಲಿಯಬಲ್ಲದು.

ಹೋಲಿಕೆ ಒಂದು ಕಡೆ ಎಡವುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ವೇಷಧಾರಿ ಪ್ರಸಂಗ ನೋಡಿ ವೇಷ ಬದಲಿಸುತ್ತಾನೆ. ಟ್ರಿಪನೊಸೋಮಕ್ಕೆ ಪ್ರತಿಕಾಯ ಬಂದದ್ದು ಗೊತ್ತಾಗಿ ಅದು ಬದಲಾಗುವುದಲ್ಲ. ಲಕ್ಷಾಂತರ ಜೀವಿಗಳಲ್ಲಿ ಕೆಲವು ಸುಮ್ಮನೆ, ಆಕಸ್ಮಿಕವಾಗಿ, ಮೊದಲೇ ಬದಲಾಗಿರುತ್ತವೆ, ಉಳಿಯುವ ಭಾಗ್ಯ ಅವುಗಳದ್ದಾಗುತ್ತದೆ.

ಇದರ ಜೊತೆಗೆ ಅದು ಮೈ ತೊಳೆದುಕೊಳ್ಳುವ ರೀತಿ ನನಗೆ ಅತ್ಯಂತ ಸೋಜಿಗದ್ದಾಗಿ ಕಾಣುತ್ತದೆ. ಜೀವಿ ಮುಂದಕ್ಕೆ ಈಜಿದಂತೆ ಕವಚಕ್ಕೆ ಅಂಟಿದ ಪ್ರತಿಕಾಯಗಳು ನೀರಿನ ಎಳೆತಕ್ಕೆ ಸಿಕ್ಕು ಹಿಂದಕ್ಕೆ ಜಾರುತ್ತಾ ಹೋಗಿ, ಕಶಾಂಗ ಹೊರಡುವ ಆ ಹಿಂಭಾಗದ ಚೀಲವನ್ನು ತಲುಪುತ್ತವೆ. ಅಲ್ಲಿ ಜೀವಿ ಅವುಗಳನ್ನು ಕವಚದ ಸಮೇತ ನುಂಗಿ, ಪ್ರತಿಕಾಯವನ್ನು ಜೀರ್ಣಿಸಿ, ಕವಚವನ್ನು ಮತ್ತೆ ಮೈಮೇಲೆ ಹೊದೆಯುತ್ತದೆ. ಇಷ್ಟೆಲ್ಲ ನಡೆಯಲು ಕೆಲವೇ ನಿಮಿಷ ಸಾಕು. ಅದು ಬಿಡುವಿಲ್ಲದೆ ಈಜುವುದಕ್ಕೆ ಊರು ಸೇರುವ ಆತುರವೊಂದೇ ಕಾರಣವಲ್ಲ.

ಹಾಗಾದರೆ ಲಸಿಕೆ ಸಾಧ್ಯವೇ ಇಲ್ಲವೇ?

ಇಂದಿಗೆ ಬಳಕೆಯಲ್ಲಿ ಯಾವುದೂ ಇಲ್ಲ. ಬದಲಾಗದ ಪ್ರೋಟೀನ್ ಯಾವುದಾದರೂ ಕವಚದ ಸಂದಿಯಲ್ಲಿ ಸಿಗುತ್ತದೆಯೇ ಎಂಬ ಹುಡುಕಾಟಕ್ಕೆ 2021ರಲ್ಲಿ ಫಲ ಸಿಕ್ಕಿತು: ಆಫ್ರಿಕದ ಜಾನುವಾರುಗಳನ್ನು ಕಾಡುವ ಟ್ರಿಪನೊಸೋಮ ವೈವಾಕ್ಸ್ ಎಂಬ ಜಾತಿಯ ಕಶಾಂಗದ ಮೇಲಿನ ಒಂದು ಪ್ರೋಟೀನ್ ಇಲಿಗಳಿಗೆ ರಕ್ಷಣೆ ಕೊಟ್ಟಿತು. ಇಲಿಯಿಂದ ದನಕ್ಕೆ ದಾರಿ ಇನ್ನೂ ಇದೆ.

ಕೈನೆಟೊಪ್ಲಾಸ್ಟ್ ಎಂದರೇನು? ಪರೀಕ್ಷೆಯಲ್ಲಿ ಯಾವಾಗಲೂ ಕೇಳುತ್ತಾರೆ.

ಈ ಜೀವಿಗೆ ಒಂದೇ ಒಂದು ಉದ್ದನೆಯ ಮೈಟೊಕಾಂಡ್ರಿಯ ಇರುತ್ತದೆ. ಕಶಾಂಗದ ಬುಡದ ಬಳಿ ಅದರೊಳಗೆ ಕಟ್ಟಿಟ್ಟ ಡಿಎನ್‌ಎ ಗಂಟಿಗೆ ಕೈನೆಟೊಪ್ಲಾಸ್ಟ್ ಎಂದು ಹೆಸರು. ಬಣ್ಣ ಹಾಕಿದ ಸ್ಲೈಡಿನಲ್ಲಿ ಚುಕ್ಕೆಯಂತೆ ಕಾಣುತ್ತದೆ. ಆ ಗಂಟಿನಲ್ಲಿ ಹತ್ತಾರು ದೊಡ್ಡ ಉಂಗುರಗಳೂ ಸಾವಿರಾರು ಸಣ್ಣ ಉಂಗುರಗಳೂ ಸರಪಣಿಯಂತೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ದೊಡ್ಡ ಉಂಗುರಗಳಲ್ಲಿ ಬರೆದಿರುವ ಜೀನುಗಳು ಅಕ್ಷರ ತಪ್ಪಿದ ಹಸ್ತಪ್ರತಿಯಂತೆ. ಆರ್‌ಎನ್‌ಎ ಆದ ಮೇಲೆ ಯು ಎಂಬ ಅಕ್ಷರವನ್ನು ಅಲ್ಲಲ್ಲಿ ಸೇರಿಸಿ, ಅಲ್ಲಲ್ಲಿ ಅಳಿಸಿ ತಿದ್ದಿದರೆ ಮಾತ್ರ ಅರ್ಥ ಬರುತ್ತದೆ. ತಿದ್ದುಪಡಿಯ ಸೂಚನೆಗಳು ಸಣ್ಣ ಉಂಗುರಗಳಲ್ಲಿರುತ್ತವೆ. 1986ರಲ್ಲಿ ಇದು ಬೆಳಕಿಗೆ ಬಂದಾಗ ಜೀವಶಾಸ್ತ್ರಜ್ಞರೇ ಬೆರಗಾದರು.

ಇಲ್ಲಿಯೂ ದಾಟುವ ದಾರಿಯ ಮಾತು ಬರುತ್ತದೆ. ಆಫ್ರಿಕದ ಬ್ರೂಸಿ, ತನ್ನನ್ನು ದಾಟಿಸುವ ತ್ಸೆತ್ಸೆ ಎಂಬ ರಕ್ತ ಕುಡಿಯುವ ನೊಣದ ಹೊಟ್ಟೆಯಲ್ಲಿ ಬೆಳೆಯಬೇಕಾದರೆ ಮೈಟೊಕಾಂಡ್ರಿಯದ ಪೂರ್ಣ ಶಕ್ತಿ ಬೇಕು. ಸರ್ರಾದ ಇವಾನ್ಸಿ ಅದರಿಂದಲೇ ಕವಲೊಡೆದು ಬಂದದ್ದು, ಆದರೆ ಅದರ ದೊಡ್ಡ ಉಂಗುರಗಳು ಕಳೆದುಹೋಗಿವೆ. ತ್ಸೆತ್ಸೆಯಲ್ಲಿ ಇನ್ನು ಅದು ಬೆಳೆಯಲಾರದು. ರಕ್ತದಿಂದ ರಕ್ತಕ್ಕೆ ನೇರವಾಗಿ ದಾಟುವುದೇ ಗತಿ. ನಷ್ಟವೆಂದು ತೋರುವ ಇದರಿಂದಲೇ ತ್ಸೆತ್ಸೆಯ ಗಡಿ ದಾಟಿ ಒಂಟೆ, ಕುದುರೆಗಳ ಜೊತೆಯಲ್ಲಿ ಏಷ್ಯದವರೆಗೆ ಬರಲು ಅದಕ್ಕೆ ಸಾಧ್ಯವಾಯಿತು.

ತ್ಸೆತ್ಸೆ ನೊಣದಲ್ಲಿ ಅಂಥ ವಿಶೇಷವೇನು?

ಇಂದು ಅದು ಇರುವುದು ಆಫ್ರಿಕದಲ್ಲಿ ಮಾತ್ರ, ಸುಮಾರು ಮೂವತ್ತು ಬಗೆಗಳು. (ಅಮೆರಿಕದ ಕೊಲೊರಾಡೊದಲ್ಲಿ ಅದರ ಪಳೆಯುಳಿಕೆ ಸಿಕ್ಕಿದೆ, ಒಂದು ಕಾಲದಲ್ಲಿ ಅಲ್ಲಿಯೂ ಇತ್ತು.) ಗಂಡು, ಹೆಣ್ಣು ಎರಡೂ ರಕ್ತವನ್ನೇ ಕುಡಿದು ಬದುಕುತ್ತವೆ. ಕೀಟವೊಂದಕ್ಕೆ ಅಪರೂಪವಾದ ತಾಯ್ತನ ಅದರದ್ದು: ಒಂದು ಸಲಕ್ಕೆ ಒಂದೇ ಮರಿಹುಳವನ್ನು ಗರ್ಭದೊಳಗೇ ಹಾಲಿನಂತಹ ದ್ರವ ಕುಡಿಸಿ ಬೆಳೆಸಿ, ದೊಡ್ಡದಾದ ಮೇಲೆ ಹೆರುತ್ತದೆ. ಬರೀ ರಕ್ತದಲ್ಲಿ ಬಿ ವಿಟಮಿನ್ನುಗಳು ಸಾಲದ್ದರಿಂದ ಅವುಗಳನ್ನು ತಯಾರಿಸಿಕೊಡುವ ವಿಗಲ್ಸ್‌ವರ್ತಿಯ ಎಂಬ ಬ್ಯಾಕ್ಟೀರಿಯವನ್ನು ಅದು ಹೊಟ್ಟೆಯಲ್ಲಿ ಸಾಕಿಕೊಂಡಿದೆ. ಬ್ಯಾಕ್ಟೀರಿಯ ಸತ್ತರೆ ನೊಣಕ್ಕೆ ಮರಿಯಾಗುವುದಿಲ್ಲ.

ಪರೋಪಜೀವಿ ಈ ನೊಣದ ಹೊಟ್ಟೆಗೆ ಬಂದು ರಕ್ತದ ಕವಚ ಕಳಚಿ, ಬೇರೆ ಕವಚ ತೊಟ್ಟು, ಕೊನೆಗೆ ಜೊಲ್ಲುಗ್ರಂಥಿ ಸೇರುವುದಕ್ಕೆ ಮೂರರಿಂದ ಐದು ವಾರ ಬೇಕು. ಹೆಚ್ಚಿನ ನೊಣಗಳಲ್ಲಿ ಈ ಪ್ರಯಾಣ ನಡುದಾರಿಯಲ್ಲಿಯೇ ನಿಲ್ಲುತ್ತದೆ. ಪರೋಪಜೀವಿಗಳ ನಡುವೆ ಲೈಂಗಿಕ ಬೆರಕೆ ನಡೆಯುವುದೂ ಆ ಜೊಲ್ಲುಗ್ರಂಥಿಯಲ್ಲಿಯೇ. ಈ ನೊಣದ ಹೆರಿಗೆ ಇಷ್ಟು ನಿಧಾನವಾಗಿರುವುದು ಮನುಷ್ಯನಿಗೆ ಅನುಕೂಲವಾಯಿತು: ಜಾಂಜಿಬಾರಿನ ಉಂಗುಜಾ ದ್ವೀಪದಲ್ಲಿ 1990ರ ದಶಕದಲ್ಲಿ ವಿಕಿರಣದಿಂದ ಬಂಜೆ ಮಾಡಿದ ಗಂಡುನೊಣಗಳನ್ನು ಬಿಟ್ಟು ತ್ಸೆತ್ಸೆಯನ್ನು ನಿರ್ಮೂಲ ಮಾಡಲಾಯಿತು.

ನಿದ್ರಾರೋಗ ಇನ್ನೂ ಇದೆಯೇ?

ಇದೆ, ಆದರೆ ಕ್ಷೀಣಿಸಿದೆ. 2018ರಿಂದ ವರ್ಷಕ್ಕೆ ವರದಿಯಾಗುವ ಪ್ರಕರಣಗಳು ಸಾವಿರಕ್ಕಿಂತ ಕಡಿಮೆ. ಹಿಂದೆ ಆರ್ಸೆನಿಕ್ ಬೆರೆತ ಔಷಧಿಯನ್ನು ರಕ್ತನಾಳಕ್ಕೆ ಕೊಡಬೇಕಿತ್ತು, ಅದರಿಂದಲೇ ಕೆಲವರು ಸಾಯುತ್ತಿದ್ದರು. ಈಗ ಫೆಕ್ಸಿನಿಡಜೋಲ್ ಎಂಬ ಮಾತ್ರೆ ಬಂದಿದೆ.

ಷಾಗಾಸ್ ರೋಗ ನಮ್ಮಲ್ಲಿ ಬರಬಹುದೇ?

ಅದು ಮೊದಲು ಹೇಳಿದ ಟ್ರಿಪನೊಸೋಮ ಕ್ರೂಜಿಯಿಂದ ಬರುವ ಲ್ಯಾಟಿನ್ ಅಮೆರಿಕದ ರೋಗ. ಬ್ರೆಜಿಲ್ಲಿನ ಕಾರ್ಲೋಸ್ ಷಾಗಾಸ್ 1909ರಲ್ಲಿ ಪರೋಪಜೀವಿ, ಅದನ್ನು ಹೊರುವ ತಿಗಣೆ, ಅದರಿಂದಾಗುವ ರೋಗ, ಮೂರನ್ನೂ ತಾನೊಬ್ಬನೇ ವಿವರಿಸಿದ. ಮಣ್ಣಿನ ಗೋಡೆಯ ಬಿರುಕುಗಳಲ್ಲಿರುವ ದೊಡ್ಡ ತಿಗಣೆ ರಾತ್ರಿ ರಕ್ತ ಕುಡಿದು ಅಲ್ಲಿಯೇ ಹಿಕ್ಕೆ ಹಾಕುತ್ತದೆ. ಹಿಕ್ಕೆಯಲ್ಲಿರುವ ಪರೋಪಜೀವಿ ತುರಿಸಿದ ಜಾಗದಿಂದ ಒಳಹೋಗುತ್ತದೆ. ಕಬ್ಬಿನ ಜೊತೆ ತಿಗಣೆಯೂ ಗಾಣಕ್ಕೆ ಸಿಕ್ಕು, ಆ ಕಬ್ಬಿನ ರಸ ಕುಡಿದವರಿಗೆ ರೋಗ ಬಂದ ಪ್ರಸಂಗ 2005ರಲ್ಲಿ ಬ್ರೆಜಿಲ್ಲಿನಲ್ಲಿ ನಡೆದಿದೆ.

ಭಾರತದಲ್ಲಿ ಆ ಪರೋಪಜೀವಿ ನೆಲೆಯೂರಿಲ್ಲ. ಆದರೆ ಆ ತಿಗಣೆಯ ಬಳಗದ ರುಬ್ರೊಫ್ಯಾಸಿಯಾಟಾ ಎಂಬ ಕೆಂಪು ಅಂಚಿನ ತಿಗಣೆ ಹಡಗಿನ ಇಲಿಗಳ ಬೆನ್ನು ಹಿಡಿದು ಉಷ್ಣವಲಯದ ಬಂದರುಗಳಿಗೆಲ್ಲ ಹರಡಿದೆ, ಭಾರತದಲ್ಲಿಯೂ ಇದೆ. ಅದು ಹೊರುವುದು ಇಲಿಗಳ ಇನ್ನೊಂದು ಟ್ರಿಪನೊಸೋಮವನ್ನು. ಅದನ್ನು ಮದರಾಸಿನಲ್ಲಿದ್ದ ಡೊನೊವಾನ್ ಎಂಬ ವೈದ್ಯ 1909ರಲ್ಲಿ ವರ್ಣಿಸಿದ. ಕಾಲಾ ಅಜಾರ್‌ನ ಲೀಶ್ಮೇನಿಯಾ ಡೊನೊವಾನಿ ಎಂಬ ಪರೋಪಜೀವಿಗೆ ಇಟ್ಟದ್ದೂ ಅವನ ಹೆಸರನ್ನೇ, ಆ ಲೀಶ್ಮೇನಿಯಾ ಕೂಡ ಟ್ರಿಪನೊಸೋಮದ ದಾಯಾದಿಯೇ.

ಇಲಿಯ ಟ್ರಿಪನೊಸೋಮದಿಂದ ಇಲಿಜ್ವರ ಬರುತ್ತದೆಯೇ?

ಇಲ್ಲ. ಉಡುಪಿ, ದಕ್ಷಿಣ ಕನ್ನಡದಲ್ಲಿ ಇಲಿಜ್ವರ ಎನ್ನುವುದು ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯದಿಂದ, ಇಲಿಯ ಮೂತ್ರ ಸೇರಿದ ನೀರಿನಿಂದ ಬರುವ ರೋಗ. ಇಲಿಯ ಟ್ರಿಪನೊಸೋಮವನ್ನು ಚಿಗಟ ಹೊರುತ್ತದೆ. ಇಲಿ ಮೈ ನೆಕ್ಕುವಾಗ ಚಿಗಟವನ್ನೋ ಅದರ ಹಿಕ್ಕೆಯನ್ನೋ ನುಂಗಿದರೆ ಸೋಂಕು ತಗಲುತ್ತದೆ. ಮನುಷ್ಯರಲ್ಲಿ, ಅದರಲ್ಲಿಯೂ ಎಳೆಮಕ್ಕಳಲ್ಲಿ, ತೀರಾ ವಿರಳವಾಗಿ ಕಂಡದ್ದುಂಟು.

ಹಳೆಯ ಆತಿಥೇಯನಿಗೆ ನಿರುಪದ್ರವಿಯಾದದ್ದು ಹೊಸಬನಿಗೆ ಮಾರಿಯಾಗಬಹುದು ಎಂಬುದಕ್ಕೆ ಹಿಂದೂ ಮಹಾಸಾಗರದ ಕ್ರಿಸ್ಮಸ್ ದ್ವೀಪ ಸಾಕ್ಷಿ. 1899ರ ಹೊತ್ತಿಗೆ ಹಡಗಿನಿಂದ ಅಲ್ಲಿಗೆ ಇಳಿದ ಕಪ್ಪು ಇಲಿಗಳು ಚಿಗಟವನ್ನೂ ಟ್ರಿಪನೊಸೋಮವನ್ನೂ ಜೊತೆಗೆ ತಂದವು. ದ್ವೀಪದ್ದೇ ಆದ ಇಲಿಗಳು ಹಾಡುಹಗಲೇ ದಾರಿಯಲ್ಲಿ ತೂರಾಡುತ್ತಿದ್ದುದನ್ನು ಜನ ಕಂಡರು. ಕೆಲವೇ ವರ್ಷಗಳಲ್ಲಿ ಆ ವಂಶವೇ ಅಳಿಯಿತು. ಸಂಗ್ರಹಾಲಯಗಳಲ್ಲಿದ್ದ ಆ ಕಾಲದ ಚರ್ಮಗಳಿಂದ ಡಿಎನ್‌ಎ ತೆಗೆದು ನೋಡಿದಾಗ, ಕಪ್ಪು ಇಲಿ ಬಂದ ನಂತರದ ಮಾದರಿಗಳಲ್ಲಿ ಮಾತ್ರ ಟ್ರಿಪನೊಸೋಮದ ಗುರುತು ಸಿಕ್ಕಿತು.

ತೆಂಗು, ಕಾಫಿಗೆ ಇದರಿಂದ ರೋಗ ಬರುತ್ತದೆ ಎಂದು ಓದಿದೆ. ನಿಜವೇ?

ನಿಜ, ಆದರೆ ಇಲ್ಲಿಯದಲ್ಲ. ಇದೇ ಕುಟುಂಬದ ಫೈಟೊಮೊನಾಸ್ ಎಂಬ ಜೀವಿ ಗಿಡಗಳ ರಸದಲ್ಲಿ ಬದುಕುತ್ತದೆ. 1909ರಲ್ಲಿ ಮಾರಿಷಸ್‌ನಲ್ಲಿ ಹಾಲು ಬರುವ ಕಳ್ಳಿಯ ಬಳಗದ ಗಿಡದಲ್ಲಿ ಮೊದಲು ಕಂಡಿತು. ಹೆಚ್ಚಿನ ಗಿಡಗಳಿಗೆ ಅದರಿಂದ ತೊಂದರೆಯಿಲ್ಲ. ದಕ್ಷಿಣ ಅಮೆರಿಕದಲ್ಲಿ ಮಾತ್ರ ಆಹಾರ ಸಾಗಿಸುವ ನಾಳಗಳಿಗೆ ಸೇರಿಕೊಂಡು ತೆಂಗಿನ ಮರವನ್ನು ಬೇಗನೆ ಒಣಗಿಸಿ ಕೊಲ್ಲುವ ರೋಗವನ್ನೂ ಕಾಫಿ ಗಿಡ ಸಾಯಿಸುವ ರೋಗವನ್ನೂ ತರುತ್ತದೆ; ಅದನ್ನು ಒಯ್ಯುವುದು ರಸ ಹೀರುವ ತಿಗಣೆಗಳು. ನಮ್ಮ ತೋಟದಲ್ಲಿ ತೆಂಗಿನ ಸುಳಿ ಕೊಳೆತರೆ ಶಿಲೀಂಧ್ರದಂತಹ ಬೇರೆ ರೋಗಾಣುವನ್ನು ಅನುಮಾನಿಸಬೇಕೇ ಹೊರತು ಇದನ್ನಲ್ಲ.

ಟ್ರಿಪನೊಸೋಮದ ಬಳಗದವರೊಳಗೆ ಬೇರೆ ಜೀವಿ ಬದುಕುವುದುಂಟೇ?

ಉಂಟು, ಈ ಕಥೆ ಪುಸ್ತಕಗಳಲ್ಲಿ ಬರಬೇಕಾದಷ್ಟು ಬಂದಿಲ್ಲ. ಕೀಟಗಳ ಕರುಳಿನಲ್ಲಿರುವ ಆಂಗೊಮೊನಾಸ್ ಎಂಬ ದಾಯಾದಿಯ ಕೋಶದೊಳಗೆ ಒಂದೇ ಒಂದು ಬ್ಯಾಕ್ಟೀರಿಯ ವಾಸವಾಗಿದೆ. ಆತಿಥೇಯ ವಿಭಜನೆಯಾಗುವಾಗ ಅದೂ ಲೆಕ್ಕ ತಪ್ಪದೆ ಎರಡಾಗಿ, ಮಗಳು ಕೋಶಕ್ಕೆ ಒಂದೊಂದರಂತೆ ಹಂಚಿಹೋಗುತ್ತದೆ. ಈ ವಂಶದ ಉಳಿದವು ಹೊರಗಿನಿಂದ ಬೇಡಿ ಪಡೆಯುವ ಹೀಮ್, ಕೆಲವು ಅಮೈನೋ ಆಮ್ಲಗಳನ್ನು ತಯಾರಿಸಲು ಆ ಬ್ಯಾಕ್ಟೀರಿಯ ನೆರವಾಗುತ್ತದೆ. ಪರರ ಮನೆಯಲ್ಲಿ ಉಣ್ಣುವವನ ಮನೆಯಲ್ಲಿ ಇನ್ನೊಬ್ಬ ಅಡುಗೆ ಮಾಡಿಕೊಂಡಿರುವ ಸಂಸಾರ ಇದು.

ಟ್ರಿಪಾನ್ ಬ್ಲೂ ಎಂಬ ಬಣ್ಣಕ್ಕೂ ಇದಕ್ಕೂ ಸಂಬಂಧವಿದೆಯೇ?

ಇದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ವಿಜ್ಞಾನಿ ಪೌಲ್ ಎರ್ಲಿಕ್ ಮತ್ತಿತರರು ಟ್ರಿಪನೊಸೋಮವನ್ನು ಕೊಲ್ಲುವ ಬಣ್ಣಗಳನ್ನು ಹುಡುಕುತ್ತಿದ್ದರು. 1904ರಲ್ಲಿ ಟ್ರಿಪಾನ್ ರೆಡ್ ಬಂತು, ಬೆನ್ನಿಗೇ ಟ್ರಿಪಾನ್ ಬ್ಲೂ. ಸುರಾಮಿನ್ ಹುಟ್ಟಿದ್ದೂ ಆ ಹುಡುಕಾಟದ ಮುಂದುವರಿಕೆಯಲ್ಲಿ. ಇಂದು ಪ್ರಯೋಗಾಲಯಗಳಲ್ಲಿ ಸತ್ತ ಜೀವಕೋಶ ಎಣಿಸಲು, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಮಸೂರದ ಹೊರಚೀಲಕ್ಕೆ ಬಣ್ಣ ಕೊಡಲು ಬಳಸುವುದು ಆ ನೀಲಿಯನ್ನೇ.

ಕಾಲೇಜಿನಲ್ಲಿ ಜೀವಂತ ಟ್ರಿಪನೊಸೋಮವನ್ನು ನೋಡಲು ಸಾಧ್ಯವೇ?

ಸರ್ರಾದ ರಕ್ತವನ್ನು ಪಶುವೈದ್ಯಕೀಯ ಪ್ರಯೋಗಾಲಯದ ಹೊರಗೆ ಮುಟ್ಟಬೇಡಿ. ಸಿಹಿನೀರಿನ ಮೀನು ಇದಕ್ಕೆ ಸುಲಭ. ಕೆಸರಿನಲ್ಲಿರುವ ಮುಗುಡಿನಂತಹ ಮೀನುಗಳಿಗೆ ಜಿಗಣೆಯ ಮೂಲಕ ಬರುವ ಟ್ರಿಪನೊಸೋಮಗಳನ್ನು ಭಾರತದಲ್ಲಿ ಹಲವರು ವರ್ಣಿಸಿದ್ದಾರೆ. ಮೀನುಗಾರರು ಆಗಷ್ಟೇ ಕೊಯ್ದ ಮುಗುಡಿನ ಕಿವಿರಿನ ಒಂದು ಹನಿ ರಕ್ತವನ್ನು ಉಪ್ಪುನೀರಿನೊಂದಿಗೆ ಬೆರೆಸಿ, ಕವರ್‌ಸ್ಲಿಪ್ ಮುಚ್ಚಿ, ಮಂದ ಬೆಳಕಿನಲ್ಲಿ 400 ಪಟ್ಟು ಹಿಗ್ಗಿಸಿ ನೋಡಿ. ಜೀವಿಯನ್ನೇ ಹುಡುಕಬಾರದು, ಅದು ಬಣ್ಣವಿಲ್ಲದ್ದು, ಕಣ್ಣಿಗೆ ಬೀಳುವುದಿಲ್ಲ. ಮೊಟ್ಟೆಯಾಕಾರದ ರಕ್ತಕಣಗಳು ಸುಮ್ಮನೆ ತೇಲುತ್ತಿರುವ ಕಡೆ ಯಾವುದೋ ಒಂದು ಮೂಲೆಯಲ್ಲಿ ನಾಲ್ಕೈದು ಕಣಗಳು ಯಾರೋ ಹಿಂದಿನಿಂದ ತಿವಿದಂತೆ ಜಗ್ಗನೆ ಅಲುಗುತ್ತವೆ. ಅಲ್ಲಿ ಫೋಕಸ್ ನಿಲ್ಲಿಸಿ ಕಾಯಿರಿ. ಹತ್ತು ಮೀನಿನ ರಕ್ತ ನೋಡಿದರೂ ಒಮ್ಮೊಮ್ಮೆ ಏನೂ ಸಿಗುವುದಿಲ್ಲ, ಹನ್ನೊಂದನೆಯದನ್ನೂ ನೋಡಬೇಕು.